ತಾಳೆ ಎಣ್ಣೆ ಅಗ್ಗವಾದರೆ ಚಳ್ಳಕೆರೆಯ ಶೇಂಗಾಕ್ಕೆ ಎಷ್ಟು ಪೆಟ್ಟು?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು, ಪರಶುರಾಂಪುರ ಹೋಬಳಿ. ಅಪ್ಪನಿಗೆ ಐದು ಎಕರೆ ಖುಷ್ಕಿ ಇದೆ, ಮಳೆ ನಂಬಿ ಶೇಂಗಾ ಹಾಕುತ್ತೇವೆ. ಕಳೆದ ಸುಗ್ಗಿಯಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂತು. ಬೆಂಬಲ ಬೆಲೆ 7,263 ರೂ. ಅಂತ ಪೇಪರಿನಲ್ಲಿ ಓದಿದ್ದೆವು, ಮಂಡಿಯಲ್ಲಿ ಸಿಕ್ಕಿದ್ದು 5,200. ನಮ್ಮ ಭಾವನಿಗೆ ಚಳ್ಳಕೆರೆಯಲ್ಲಿ ಎರಡು ಎಕ್ಸ್‌ಪೆಲ್ಲರ್‌ನ ಸಣ್ಣ ಎಣ್ಣೆ ಮಿಲ್ ಇದೆ. 'ಸರ್ಕಾರ ತಾಳೆ ಎಣ್ಣೆಯ ಸುಂಕ ಇಳಿಸಿ ನಮ್ಮ ಕತ್ತು ಕುಯ್ದಿತು' ಅನ್ನುತ್ತಾರೆ ಅವರು. ದಾವಣಗೆರೆಯಲ್ಲಿ ಬಿ.ಎ. ಓದುವ ತಮ್ಮ ಮಾತ್ರ, ಅಗ್ಗದ ಆಮದಿನಿಂದ ದೇಶಕ್ಕೆ ಲಾಭವೇ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದಾರೆ ಅನ್ನುತ್ತಾನೆ. ನಮ್ಮ ಮನೆಯಲ್ಲಿ ಒಗ್ಗರಣೆಗೆ ಹಾಕುವುದೂ ಪಾಮೋಲಿನ್ ಪ್ಯಾಕೆಟ್ಟೇ. ಹಾಗಾದರೆ ಯಾರ ಮಾತು ಸರಿ? ಶೇಂಗಾ ಬಿಟ್ಟು ಮೆಕ್ಕೆಜೋಳಕ್ಕೋ ಅಡಿಕೆಗೋ ಹೋಗಬೇಕಾ? ಭಾವ ಮರದ ಗಾಣ ಹಾಕುತ್ತೇನೆ ಅನ್ನುತ್ತಿದ್ದಾರೆ, ಹಾಕಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಗ್ಗದ ಆಮದಿನಿಂದ ದೇಶಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಒಂದು. ನಿಮ್ಮ ಕ್ವಿಂಟಲ್‌ಗೆ ಕಡಿಮೆ ಬಿದ್ದ 2,063 ರೂಪಾಯಿ ಎಲ್ಲಿ ಹೋಯಿತು ಎಂಬುದು ಇನ್ನೊಂದು. ಮುಂದಿನ ಮುಂಗಾರಿಗೆ ಏನು ಮಾಡುವುದು ಎಂಬುದು ಮೂರನೆಯದು. ಇವನ್ನು ಬಿಡಿಸಿ ನೋಡಿದರೆ ಭಾವನ ಮಾತೂ ಅರ್ಧ ಸರಿ, ತಮ್ಮನ ಮಾತೂ ಅರ್ಧ ಸರಿ ಅನ್ನುವುದು ಕಾಣುತ್ತದೆ. ಇಬ್ಬರೂ ಬಿಟ್ಟ ಇನ್ನರ್ಧದಲ್ಲೇ ನಿಮ್ಮ ಮನೆಯ ದುಡ್ಡು ಇದೆ.

ತಾಳೆ ಎಣ್ಣೆ ಅಷ್ಟು ಅಗ್ಗವಾಗಿರುವುದು ಕಲಬೆರಕೆಯಿಂದ, ಇಲ್ಲವೇ ನಮ್ಮನ್ನು ಮುಳುಗಿಸಲೆಂದೇ ನಷ್ಟಕ್ಕೆ ಮಾರುತ್ತಾರೆ ಎಂಬ ಮಾತು ನಮ್ಮ ಸೀಮೆಯಲ್ಲಿ ಬಹಳ ಓಡಾಡುತ್ತದೆ. ಅಸಲು ಕಾರಣ ಭೂಮಿಯಲ್ಲೇ ಇದೆ. ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ತೋಟ ಹೆಕ್ಟೇರಿಗೆ ಮೂರೂವರೆಯಿಂದ ನಾಲ್ಕು ಟನ್ ಎಣ್ಣೆ ಕೊಡುತ್ತದೆ, ಅಂದರೆ ಎಕರೆಗೆ ಸುಮಾರು ಒಂದೂವರೆ ಟನ್. ನಿಮ್ಮ ಎಕರೆಯ ನಾಲ್ಕು ಕ್ವಿಂಟಲ್ ಕಾಯಿ ಒಡೆದರೆ 280 ಕೆ.ಜಿ. ಬೀಜ. ಎಕ್ಸ್‌ಪೆಲ್ಲರ್‌ನಲ್ಲಿ ಅದರ ನೂರಕ್ಕೆ 42ರಷ್ಟು ಎಣ್ಣೆ ಇಳಿದರೆ 118 ಕೆ.ಜಿ. ಹನ್ನೆರಡು ಪಟ್ಟು ವ್ಯತ್ಯಾಸ. ಬರೀ ಎಣ್ಣೆಯ ಲೆಕ್ಕದಲ್ಲಿ ಚಳ್ಳಕೆರೆಯ ಕೆಂಪು ಮಣ್ಣು ಇಂಡೊನೇಷ್ಯಾದ ಸುಮಾತ್ರ ದ್ವೀಪದ ಮಳೆಗಾಡಿನ ಮುಂದೆ ನಿಲ್ಲಲಾರದು, ಎಷ್ಟು ಸುಂಕ ಹಾಕಿದರೂ. ಆದರೆ ಶೇಂಗಾ ಬರೀ ಎಣ್ಣೆಯಲ್ಲ ಎಂಬುದನ್ನು ನೆನಪಿಡಿ. ಬೀಜವಿದೆ, ಹಿಂಡಿಯಿದೆ, ದನಕ್ಕೆ ಹೊಟ್ಟಿದೆ, ಮುಂದಿನ ಬೆಳೆಗೆ ಮಣ್ಣಿನಲ್ಲಿ ಉಳಿಯುವ ಸಾರಜನಕವಿದೆ. ಈ ಮಾತಿಗೆ ಆಮೇಲೆ ಬರೋಣ.

ತಮ್ಮನ ಮೇಷ್ಟ್ರು ಹೇಳಿದ್ದು 1817ರಲ್ಲಿ ರಿಕಾರ್ಡೊ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಮಂಡಿಸಿದ ವಾದ. ಪ್ರತಿ ದೇಶವೂ ತನಗೆ ಹೋಲಿಕೆಯಲ್ಲಿ ಸಲೀಸಾದದ್ದನ್ನು ಬೆಳೆದು ಮಾರಿ, ಕಷ್ಟವಾದದ್ದನ್ನು ಕೊಂಡರೆ ಇಬ್ಬರ ಒಟ್ಟು ಸಂಪತ್ತೂ ಹೆಚ್ಚುತ್ತದೆ. 'ಒಟ್ಟು' ಎಂಬ ಪದದ ಮೇಲೆ ಬೆರಳಿಡಿ. ಹೆಚ್ಚಿದ ಮೊತ್ತ ಯಾರ ಮನೆಗೆ ಹೋಯಿತು ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ. 1941ರಲ್ಲಿ ಸ್ಟಾಲ್ಪರ್ ಮತ್ತು ಸ್ಯಾಮ್ಯುಯೆಲ್ಸನ್ ಎಂಬಿಬ್ಬರು ಇದನ್ನು ಲೆಕ್ಕ ಕಟ್ಟಿ ತೋರಿಸಿದರು: ವ್ಯಾಪಾರ ತೆರೆದಾಗ ಒಂದು ವರ್ಗದ ನಿಜವಾದ ಆದಾಯವೇ ಕುಗ್ಗಬಹುದು, ದೇಶದ ಮೊತ್ತ ಏರಿದ್ದರೂ ಕೂಡ.

ಇದನ್ನು ನಮ್ಮ ಎಣ್ಣೆಗೇ ಹಚ್ಚಿ ನೋಡೋಣ. ನಮ್ಮ ದೇಶ ವರ್ಷಕ್ಕೆ ಸುಮಾರು 260 ಲಕ್ಷ ಟನ್ ಅಡುಗೆ ಎಣ್ಣೆ ಬಳಸುತ್ತದೆ. ಅದರಲ್ಲಿ ಇಲ್ಲಿಯದು 100 ಲಕ್ಷ ಟನ್‌ನ ಆಸುಪಾಸು, ಆಮದು 160 ಲಕ್ಷ ಟನ್‌ನ ಆಸುಪಾಸು. ಸುಂಕದಿಂದಾಗಿ ಎಲ್ಲ ಎಣ್ಣೆಯೂ ಕೆ.ಜಿ.ಗೆ 10 ರೂ. ತುಟ್ಟಿಯಾಯಿತು ಅಂದುಕೊಳ್ಳಿ. ಜನ ಸ್ವಲ್ಪ ಕಡಿಮೆ ಬಳಸಿ 255ಕ್ಕೆ ಇಳಿದರು, ನಮ್ಮ ರೈತರು ಸ್ವಲ್ಪ ಹೆಚ್ಚು ಬೆಳೆದು 105ಕ್ಕೆ ಏರಿದರು, ಆಮದು 150ಕ್ಕೆ ಬಂತು ಅನ್ನೋಣ. ಈ ಏರಿಳಿತ ನಾನು ಲೆಕ್ಕಕ್ಕೆ ಹಿಡಿದದ್ದು. ಆಗ ಬಳಕೆದಾರರಿಗೆ ಬೀಳುವ ಹೊರೆ ಸುಮಾರು 25,750 ಕೋಟಿ ರೂ. ಎಣ್ಣೆಬೀಜದ ಕಡೆಯವರಿಗೆ (ರೈತ, ವರ್ತಕ, ಮಿಲ್ಲು ಎಲ್ಲರೂ ಸೇರಿ) ಸಿಗುವುದು 10,250 ಕೋಟಿ. ಸರ್ಕಾರದ ಬೊಕ್ಕಸಕ್ಕೆ 15,000 ಕೋಟಿ. ಯಾರ ಕೈಗೂ ಸಿಗದೆ ಹೋಗುವುದು 500 ಕೋಟಿ.

ಮೇಷ್ಟ್ರು ಬೋರ್ಡಿನ ಮೇಲೆ ಎರಡು ತ್ರಿಕೋನ ಬರೆದು 'ದೇಶದ ನಷ್ಟ' ಎಂದು ತೋರಿಸುವುದು ಈ ಕೊನೆಯ 500 ಕೋಟಿಯನ್ನು. ಅದು ನಿಜವಾದ ನಷ್ಟವೇ, ಆದರೆ ಸಣ್ಣದು. ದೊಡ್ಡ ಸಂಗತಿ ಮಿಕ್ಕ 25,250 ಕೋಟಿ: ಅದು ನಷ್ಟವಲ್ಲ, ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋದದ್ದು. ಸುಂಕ ಇಳಿಸಿದಾಗ ಇದೇ ಹಣ ಹಿಂದಕ್ಕೆ ಹರಿಯುತ್ತದೆ. ಸುಂಕದ ಜಗಳ ಬಹುಪಾಲು ಯಾರು ಯಾರಿಗೆ ಕೊಡಬೇಕು ಎಂಬ ಜಗಳ. ಅದನ್ನು ಬರೀ 'ದೇಶಕ್ಕೆ ಲಾಭ' ಎಂದು ಮುಚ್ಚಿಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ. ಹಾಗೆಯೇ, ಶೇಂಗಾ ರೈತನ ಹೆಸರಿನಲ್ಲಿ ಹಾಕಿದ ಸುಂಕದ ದೊಡ್ಡ ಪಾಲು ಬೊಕ್ಕಸಕ್ಕೆ ಹೋಗುತ್ತದೆ, ರೈತನಿಗಲ್ಲ ಎಂಬುದನ್ನೂ ಮರೆಯಬಾರದು.

ಇನ್ನು ಮನೆ ಮನೆಯ ಲೆಕ್ಕ. ಐದು ಜನರ ಮನೆಗೆ ತಿಂಗಳಿಗೆ ನಾಲ್ಕೂವರೆ ಕೆ.ಜಿ. ಎಣ್ಣೆ ಹಿಡಿದರೆ ವರ್ಷಕ್ಕೆ 54 ಕೆ.ಜಿ. ಕೆ.ಜಿ.ಗೆ 10 ರೂ. ಇಳಿದರೆ ಉಳಿತಾಯ 540 ರೂ. ನಿಮ್ಮ ಐದು ಎಕರೆಯ 20 ಕ್ವಿಂಟಲ್ ಕಾಯಿಯಲ್ಲಿರುವ ಎಣ್ಣೆ 588 ಕೆ.ಜಿ. ಇಳಿಕೆ ಪೂರ್ತಿ ನಿಮ್ಮ ತನಕ ಹರಿದು ಬಂದರೆ ಕಳೆದುಕೊಳ್ಳುವುದು 5,880 ರೂ. ಅಡುಗೆಮನೆಯಲ್ಲಿ ಉಳಿದದ್ದು ಹೊಲದಲ್ಲಿ ಹೋದದ್ದರ ಹತ್ತನೇ ಒಂದು ಭಾಗವೂ ಅಲ್ಲ. ನಿಮ್ಮ ಹೊಲಕ್ಕೆ ಕಳೆ ಕೀಳಲು ಬರುವ, ಸ್ವಂತ ಭೂಮಿ ಇಲ್ಲದ ಕುಟುಂಬಕ್ಕಾದರೆ 540 ರೂಪಾಯಿ ಪೂರ್ತಿ ಉಳಿತಾಯ. 2025–26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂ. ಇತ್ತು, ಅದರಲ್ಲಿ ಒಂದೂವರೆ ದಿನದ ದುಡಿಮೆ. ಅವರಿಗೆ ಆ ದುಡ್ಡು ಸಣ್ಣದಲ್ಲ, ಮತ್ತು ದೇಶದಲ್ಲಿ ಅಂಥ ಮನೆಗಳೇ ಹೆಚ್ಚು. ಸರ್ಕಾರಗಳು ಹಬ್ಬದ ಮುಂಚೆ, ಬೆಲೆಯೇರಿಕೆಯ ಕಾಲದಲ್ಲಿ ಸುಂಕ ಇಳಿಸುವುದು ಈ ಎಣಿಕೆಯಿಂದಲೇ.

ಗೆದ್ದವರ ಲಾಭದಲ್ಲಿ ಸೋತವರಿಗೆ ಪರಿಹಾರ ಕೊಟ್ಟೂ ಏನಾದರೂ ಉಳಿಯುವಂತಿದ್ದರೆ ಅದು ದೇಶದ ಲಾಭ ಎಂದು 1939ರಲ್ಲಿ ಕಾಲ್ಡರ್, ಹಿಕ್ಸ್ ಎಂಬ ಅರ್ಥಶಾಸ್ತ್ರಜ್ಞರು ಅಳತೆಗೋಲು ಕೊಟ್ಟರು. ಅದರಲ್ಲಿ ಪರಿಹಾರ 'ಕೊಡಬಹುದಾಗಿದ್ದರೆ' ಸಾಕು, ಕೊಡಲೇಬೇಕೆಂದಿಲ್ಲ. ತಮ್ಮನಿಗೆ ಕೇಳಬೇಕಾದ ಪ್ರಶ್ನೆ ಇದು: ಚಳ್ಳಕೆರೆಗೆ ಆ ಪರಿಹಾರ ಬಂತಾ? ಬಂದಿಲ್ಲದಿದ್ದರೆ, ಮೊತ್ತ ಏರಿತು ಎಂಬ ವಾದ ನಿಮ್ಮ ಅಪ್ಪನ ಮುಂದೆ ನಿಲ್ಲುವುದಿಲ್ಲ.

ಈಗ ಭಾವನ ಮಾತು. ಸುಂಕದ ಇತಿಹಾಸ ಅವರ ಸಿಟ್ಟಿಗೆ ಕಾರಣ ಕೊಡುತ್ತದೆ. 1986ರ ಎಣ್ಣೆಬೀಜ ತಂತ್ರಜ್ಞಾನ ಮಿಷನ್ನಿನ ನಂತರ ತೊಂಬತ್ತರ ದಶಕದ ಆರಂಭದಲ್ಲಿ ದೇಶ ಎಣ್ಣೆಯಲ್ಲಿ ಹೆಚ್ಚೂಕಡಿಮೆ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು, ಮರುವರ್ಷ ಉಳಿದ ಎಣ್ಣೆಗಳದ್ದು. ಅಲ್ಲಿಂದ ಸುಂಕ ತೂಗುಯ್ಯಾಲೆಯ ಹಾಗೆ ಆಡಿದೆ. 2018ರ ಮಾರ್ಚ್‌ನಲ್ಲಿ ಕಚ್ಚಾ ತಾಳೆ ಎಣ್ಣೆಗೆ ಶೇ 44 ಇತ್ತು. 2021ರ ಅಕ್ಟೋಬರ್ ಹೊತ್ತಿಗೆ ಮೂಲ ಸುಂಕ ಸೊನ್ನೆಯಾಗಿ ಬರೀ ಸೆಸ್ ಉಳಿಯಿತು. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಅಡುಗೆ ಎಣ್ಣೆಯ ಮೇಲಿನ ಒಟ್ಟು ಭಾರ ಶೇ 5.5ರಿಂದ 27.5ಕ್ಕೆ ಜಿಗಿಯಿತು. 2025ರ ಮೇ ಕೊನೆಗೆ ಮತ್ತೆ ಶೇ 16.5ಕ್ಕೆ ಇಳಿಯಿತು. ಬಿತ್ತನೆಗೆ ಬೀಜ ಒಡೆಸುವ ಹೊತ್ತಿನಲ್ಲಿ ಬಂದ ಆದೇಶ ಅದು.

ಆದರೂ ನಿಮ್ಮ ನಷ್ಟವನ್ನೆಲ್ಲ ಆ ಆದೇಶದ ತಲೆಗೆ ಕಟ್ಟಲು ಆಗುವುದಿಲ್ಲ. ಶೇ 27.5ರಿಂದ 16.5 ಎಂದರೆ 11 ಪಾಯಿಂಟ್. ಬಂದರಿನಲ್ಲಿ ಕಚ್ಚಾ ತಾಳೆ ಎಣ್ಣೆ ಕೆ.ಜಿ.ಗೆ 95 ರೂ. ಎಂದು ಹಿಡಿದರೆ ಇಳಿದದ್ದು ಹತ್ತು ರೂಪಾಯಿ ಚಿಲ್ಲರೆ. ಒಂದು ಕ್ವಿಂಟಲ್ ಕಾಯಿಯಲ್ಲಿ 29.4 ಕೆ.ಜಿ. ಎಣ್ಣೆ ಇದೆ. ಅಂದರೆ ಇಳಿಕೆ ಒಂದು ಪೈಸೆ ಸೋರದೆ ನಿಮ್ಮ ತನಕ ಬಂದರೂ ಕ್ವಿಂಟಲ್‌ಗೆ 300 ರೂಪಾಯಿಯ ಆಸುಪಾಸು. ನಿಮಗೆ ಕಡಿಮೆ ಬಿದ್ದದ್ದು 2,063. ಏಳರಲ್ಲಿ ಒಂದು ಪಾಲು ಸುಂಕದ್ದು. ಉಳಿದ ಆರು ಪಾಲು ಎಲ್ಲಿಂದ ಬಂತು?

ಒಂದು ದೊಡ್ಡ ಕಾರಣ ಹಿಂಡಿ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಮಿಲ್ಲಿನವರಿಗೆ ಮಾತ್ರ ಗೊತ್ತು. ಮೆಕ್ಕೆಜೋಳ, ಅಕ್ಕಿಯಿಂದ ಎಥನಾಲ್ ಮಾಡುವ ಕಾರ್ಖಾನೆಗಳು ಹೆಚ್ಚಿದ ಮೇಲೆ, ಎಥನಾಲ್ ತೆಗೆದು ಉಳಿಯುವ ಡಿಡಿಜಿಎಸ್ ಎಂಬ ಪ್ರೋಟೀನ್ ಪುಡಿ ದನದ ಮತ್ತು ಕೋಳಿಯ ಮೇವಿಗೆ ಅಗ್ಗದಲ್ಲಿ ಸಿಗುತ್ತಿದೆ. ಅದರ ಪೆಟ್ಟಿಗೆ ಎಲ್ಲ ಬಗೆಯ ಹಿಂಡಿಯ ದರವೂ ತಗ್ಗಿತು. ಕ್ವಿಂಟಲ್ ಕಾಯಿಗೆ ಹಿಂಡಿ ಬರುವುದು 39 ಕೆ.ಜಿ. ಕೆ.ಜಿ.ಗೆ 8 ರೂ. ಇಳಿದರೂ 312 ರೂ. ಹೋಯಿತು, ಸುಂಕ ಇಳಿದಷ್ಟೇ ಪೆಟ್ಟು. ಇದರ ಮೇಲೆ ಗುಜರಾತ್. ದೇಶದ ಶೇಂಗಾದಲ್ಲಿ ಅದರದೇ ಅತಿ ದೊಡ್ಡ ಪಾಲು, 2025ರ ಮುಂಗಾರಿನಲ್ಲಿ ಅಲ್ಲಿ ಬಿತ್ತನೆ 20 ಲಕ್ಷ ಹೆಕ್ಟೇರ್ ದಾಟಿತ್ತು. ಆ ಮಾಲೂ ನಿಮ್ಮದೂ ಮಾರುಕಟ್ಟೆಗೆ ಬರುವುದು ಒಂದೇ ಅಕ್ಟೋಬರ್–ನವೆಂಬರ್‌ನಲ್ಲಿ. ಇನ್ನೂ ಉಳಿದದ್ದು ಕಾಯಿಯ ಗುಣಮಟ್ಟ ಮತ್ತು ಬೆಂಬಲ ಬೆಲೆ ಎಂಬುದು ಕಾಗದದ ಮೇಲೆಯೇ ಉಳಿದದ್ದು.

ಸುಂಕವೇ ರಕ್ಷೆ ಎಂಬ ನಂಬಿಕೆಗೆ ಪಕ್ಕದ ಮೆಕ್ಕೆಜೋಳವೇ ಉತ್ತರ. ಅದಕ್ಕೆ ಶೇ 50 ಆಮದು ಸುಂಕವಿದೆ, ಶೇ 15ರ ಸುಂಕದಲ್ಲಿ ತರಲು ಬಿಡುವುದು 5 ಲಕ್ಷ ಟನ್ ಕೋಟಾ ಮಾತ್ರ. ಅಷ್ಟಿದ್ದೂ 2025ರ ಸುಗ್ಗಿಯಲ್ಲಿ ಬೆಂಬಲ ಬೆಲೆ 2,400 ಇರುವಾಗ ದಾವಣಗೆರೆ ಸೀಮೆಯಲ್ಲಿ 1,600ರಿಂದ 1,800ಕ್ಕೆ ಮಾರಿದವರಿದ್ದಾರೆ. ಗೋಡೆ ಎತ್ತರವಿದ್ದರೂ ಒಳಗೇ ಮಾಲು ತುಂಬಿದರೆ ದರ ಬೀಳುತ್ತದೆ.

ಇನ್ನೊಂದು ವಿಷಯ ತಮ್ಮನಿಗೆ ಹೇಳಿ, ಅವನ ಓದಿಗೆ ಬೇಕಾದೀತು. ಅಡುಗೆ ಎಣ್ಣೆಯನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಆಮದು ಮಾಡುವುದು ನಾವು. ಇಷ್ಟು ದೊಡ್ಡ ಗಿರಾಕಿ ಸುಂಕ ಇಳಿಸಿದ ಸುದ್ದಿ ಬಂದರೆ ಮಲೇಷ್ಯಾದ ಪೇಟೆಯಲ್ಲಿ ತಾಳೆ ಎಣ್ಣೆಯ ದರ ಏರುತ್ತದೆ. ಹಾಗಾಗಿ ನಾವು ಬಿಟ್ಟುಕೊಟ್ಟ ಸುಂಕದಲ್ಲಿ ಒಂದು ಭಾಗ ನಮ್ಮ ಗೃಹಿಣಿಯರಿಗೆ ತಲುಪದೆ ಅಲ್ಲಿನ ತೋಟದವರ ಪಾಲಾಗುತ್ತದೆ. ಸುಂಕ ಏರಿಸಿದಾಗ ಅವರು ದರ ಸ್ವಲ್ಪ ತಗ್ಗಿಸಬೇಕಾಗುತ್ತದೆ. ದೊಡ್ಡ ಗಿರಾಕಿಗೆ ಮಿತವಾದ ಸುಂಕದಿಂದ ದೇಶದ ಮೊತ್ತವೇ ಏರಬಹುದು ಎಂಬುದನ್ನು ಅರ್ಥಶಾಸ್ತ್ರವೂ ಒಪ್ಪುತ್ತದೆ, ಎದುರಿನವರು ಸುಮ್ಮನಿದ್ದರೆ. ಅವರು ಸುಮ್ಮನಿರುವುದಿಲ್ಲ. 2022ರ ಏಪ್ರಿಲ್ 28ರಿಂದ ಮೂರು ವಾರಕ್ಕೂ ಹೆಚ್ಚು ಕಾಲ ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯೂ ಸಿಗದ ಹೊತ್ತು ಅದು. 2025ರಲ್ಲಿ ಆ ದೇಶ ತನ್ನ ಡೀಸೆಲ್‌ಗೆ ಶೇ 40ರಷ್ಟು ತಾಳೆ ಎಣ್ಣೆಯ ಇಂಧನ ಬೆರೆಸತೊಡಗಿತು. ನಮ್ಮ ದೇಶದ ಅರ್ಧಕ್ಕೂ ಹೆಚ್ಚು ಎಣ್ಣೆ ಹೊರಗಿನ ಕೆಲವೇ ದೇಶಗಳ ನಿರ್ಧಾರಕ್ಕೆ ಕಟ್ಟುಬಿದ್ದಿರುವ ಅಪಾಯಕ್ಕೂ ಒಂದು ಬೆಲೆಯಿದೆ. ಪಠ್ಯದ ತ್ರಿಕೋನದಲ್ಲಿ ಅದು ಕಾಣುವುದಿಲ್ಲ.

ಇಷ್ಟಾದ ಮೇಲೆ ನಿಮ್ಮ ಹೊಲ. ಶೇಂಗಾವನ್ನು ಎಣ್ಣೆಯಾಗಿ ಮಾರುವ ತನಕ ನೀವು ಸುಮಾತ್ರದ ಜೊತೆ ಸ್ಪರ್ಧೆಯಲ್ಲಿರುತ್ತೀರಿ. ತಿನ್ನುವ ಬೀಜವಾಗಿ ಮಾರಿದರೆ ಅದೇ ಇಂಡೊನೇಷ್ಯಾ ನಿಮ್ಮ ಗಿರಾಕಿ. ಭಾರತದ ಶೇಂಗಾ ಬೀಜವನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಂಡೊನೇಷ್ಯಾ, ವಿಯೆಟ್ನಾಂ, ಮಲೇಷ್ಯಾ, ಫಿಲಿಪೈನ್ಸ್ ಮುಂದಿವೆ. ನಮ್ಮ ಕಡೆ ಹಾಕುವ ಟಿಎಂವಿ–2 ತಳಿಯಂಥ ಸಣ್ಣ ಗುಂಡು ಬೀಜ ರಫ್ತುದಾರರ ಭಾಷೆಯಲ್ಲಿ 'ಜಾವಾ'. ಒಂದು ಔನ್ಸಿಗೆ ಎಷ್ಟು ಬೀಜ ತೂಗುತ್ತವೆ ಎಂಬುದರ ಮೇಲೆ 50/60, 60/70, 80/90 ಎಂದು ವಿಂಗಡಿಸುತ್ತಾರೆ. ಎಣಿಕೆ ಕಡಿಮೆಯಾದಷ್ಟೂ ಬೀಜ ದಪ್ಪ, ದರ ಹೆಚ್ಚು. ರಿಕಾರ್ಡೊ ಹೇಳಿದ 'ಹೋಲಿಕೆಯ ಮೇಲುಗೈ' ಚಳ್ಳಕೆರೆಗೆ ಇರುವುದು ಇಲ್ಲಿ.

ಈ ಬಾಗಿಲಿಗೆ ಅಡ್ಡ ನಿಲ್ಲುವುದು ಸುಂಕವಲ್ಲ, ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ. 2025ರ ಸೆಪ್ಟೆಂಬರ್‌ನಲ್ಲಿ ಇಂಡೊನೇಷ್ಯಾ ಇದೇ ಕಾರಣಕ್ಕೆ ನಮ್ಮ ಶೇಂಗಾವನ್ನು ತಾತ್ಕಾಲಿಕವಾಗಿ ತಡೆಯಿತು. ಯುರೋಪಿನವರಂತೂ ನೇರ ತಿನ್ನುವ ಬೀಜಕ್ಕೆ ಒಟ್ಟು ಅಫ್ಲಾಟಾಕ್ಸಿನ್ ಕೆ.ಜಿ.ಗೆ 4 ಮೈಕ್ರೊಗ್ರಾಂ ಮೀರಲು ಬಿಡುವುದಿಲ್ಲ. ವಿಷ ಹುಟ್ಟುವುದು ಬಂದರಿನಲ್ಲಿ ಅಲ್ಲ, ಹೊಲದಲ್ಲಿ ಮತ್ತು ಕಣದಲ್ಲಿ. ಕೊನೆಯ ಮೂರು ನಾಲ್ಕು ವಾರ ಮಳೆ ಕೈಕೊಟ್ಟಾಗ, ಗೆದ್ದಲು ಕಾಯಿ ಕೆರೆದಾಗ, ಕಿತ್ತ ಬಳ್ಳಿಯ ಮೇಲೆ ಮಳೆ ಬಿದ್ದಾಗ ಶಿಲೀಂಧ್ರ ಒಳಗೆ ಹೋಗುತ್ತದೆ. ಬಿತ್ತುವ ಬೀಜಕ್ಕೆ ಕೆ.ಜಿ.ಗೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಹಚ್ಚಿ. ಬಿತ್ತಿದ 30–35 ದಿನಕ್ಕೆ, ಊಡು (ಕಾಯಿ ಕಟ್ಟಲು ಹೂವಿನಿಂದ ಮಣ್ಣಿಗಿಳಿಯುವ ಕಡ್ಡಿ) ಇಳಿಯುವ ಮುಂಚೆ, ಎಕರೆಗೆ 200 ಕೆ.ಜಿ. ಜಿಪ್ಸಂ ಸಾಲಿನ ಪಕ್ಕ ಹಾಕಿ ಮಣ್ಣು ಏರಿಸಿ. ಮಣ್ಣಿನಲ್ಲಿ ಹಸಿ ಇರುವಾಗಲೇ ಹಾಕಬೇಕು, ಒಣ ಮಣ್ಣಿನಲ್ಲಿ ಅದು ಕರಗದೆ ಬಿದ್ದಿರುತ್ತದೆ. ಆಮೇಲೆ ಕುಂಟೆ ಹೊಡೆಯಬೇಡಿ. ಹತ್ತು ಕಾಯಿ ಬಿಡಿಸಿ ನೋಡಿದಾಗ ಏಳೆಂಟರ ಸಿಪ್ಪೆಯ ಒಳಮೈ ಕಂದು ತಿರುಗಿದ್ದರೆ ಕೀಳುವ ಹೊತ್ತು. ಬಳ್ಳಿಯನ್ನು ಕಾಯಿ ಮೇಲಾಗಿ ಮಗುಚಿ ಒಣಗಿಸಿ, ಕಾಯಿಯ ತೇವ ಶೇ 8ಕ್ಕಿಂತ ಕೆಳಗೆ ಬರುವ ತನಕ ಚೀಲಕ್ಕೆ ತುಂಬಬೇಡಿ. ಅಲುಗಾಡಿಸಿದರೆ ಬೀಜ ಗಲಗಲ ಅನ್ನಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಒಡೆಸುವಾಗ ನಡೆಯುತ್ತದೆ. ಯಂತ್ರದಲ್ಲಿ ಬೀಜ ಹೋಳಾಗಬಾರದೆಂದು ಕಾಯಿಗೆ ನೀರು ಚಿಮುಕಿಸಿ ಗುಡ್ಡೆ ಹಾಕುವ ರೂಢಿ ಹಲವೆಡೆ ಇದೆ. ಒಣಗಿಸಲು ಪಟ್ಟ ಶ್ರಮವನ್ನೆಲ್ಲ ಅದು ಒಂದೇ ರಾತ್ರಿಯಲ್ಲಿ ಹಾಳು ಮಾಡುತ್ತದೆ. ನೀರು ಹಾಕದೆ, ಜರಡಿಯ ಕಿಂಡಿ ನಿಮ್ಮ ಕಾಯಿಯ ಗಾತ್ರಕ್ಕೆ ಹೊಂದಿಸಿ ಒಡೆಸುವವರನ್ನು ಹುಡುಕಿ.

ಜಿಪ್ಸಂ ಮಾತು ಬರೀ ರಫ್ತಿಗಲ್ಲ. ಮಂಡಿಯಲ್ಲಿ ವರ್ತಕರು ಒಂದು ಹಿಡಿ ಕಾಯಿ ಒಡೆದು ಬೀಜ ತೂಗುವುದನ್ನು ನೋಡಿರುತ್ತೀರಿ. ನೂರು ಗ್ರಾಂ ಕಾಯಿಗೆ 65 ಗ್ರಾಂ ಬೀಜ ಬರುವ ಮಾಲಿಗೂ 70 ಬರುವ ಮಾಲಿಗೂ ಕ್ವಿಂಟಲ್‌ಗೆ 5 ಕೆ.ಜಿ. ಬೀಜದ ವ್ಯತ್ಯಾಸ. ಬೀಜ ಕೆ.ಜಿ.ಗೆ 85 ರೂ. ಎಂದರೂ 425 ರೂ. ಸುಂಕ ಇಳಿದದ್ದರಿಂದ ಹೋದದ್ದಕ್ಕಿಂತ ಹೆಚ್ಚು ಹಣ ಗಟ್ಟಿ ಕಾಯಿಯಿಂದಲೇ ವಾಪಸ್ ಬರಬಹುದು. ಮಾರುವ ಮುಂಚೆ ಮನೆಯಲ್ಲೇ ತಕ್ಕಡಿ ಹಿಡಿದು ನೂರು ಗ್ರಾಂ ಒಡೆದು ನೋಡಿ, ಆ ಅಂಕಿ ಕೈಯಲ್ಲಿ ಹಿಡಿದು ದರ ಮಾತಾಡಿ.

ಭಾವನ ಮಿಲ್ಲಿಗೆ ಬರೋಣ. ನೂರು ಕೆ.ಜಿ. ಬೀಜಕ್ಕೆ 42 ಕೆ.ಜಿ. ಎಣ್ಣೆ, 56 ಕೆ.ಜಿ. ಹಿಂಡಿ, ಉಳಿದದ್ದು ಸೋರಿಕೆ. ಬೀಜ 90 ರೂ., ಎಣ್ಣೆ 160, ಹಿಂಡಿ 38 ಎಂದು ಹಿಡಿಯಿರಿ. ಹಾಕಿದ ಬಂಡವಾಳ 9,000, ಬಂದದ್ದು 6,720ಕ್ಕೆ 2,128 ಸೇರಿ 8,848. ಕರೆಂಟು, ಕೂಲಿ ಸೇರಿಸುವ ಮುಂಚೆಯೇ 152 ರೂ. ಕೈಯಿಂದ ಹೋಯಿತು. ಅವರ ಅಂದಿನ ದರಗಳನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಲಿ, ಎಷ್ಟೋ ತಿಂಗಳು ಉತ್ತರ ಹೀಗೇ ಬರುತ್ತದೆ. ಆದ್ದರಿಂದ ದಪ್ಪ ಬೀಜವನ್ನು ತಿನ್ನುವ ಮಾಲಿಗೆ ಬೇರ್ಪಡಿಸಿ, ಸಣ್ಣದು ಮತ್ತು ಹೋಳನ್ನು ಮಾತ್ರ ಗಾಣಕ್ಕೆ ಹಾಕಿದರೆ ಮಿಲ್ಲು ಉಳಿಯುತ್ತದೆ. ಮರದ ಗಾಣ ಹಾಕಬಹುದು, ಮೂರು ಎಚ್ಚರಿಕೆಯೊಂದಿಗೆ. ಅದರಲ್ಲಿ ಎಣ್ಣೆ ಇಳಿಯುವುದು ಎಕ್ಸ್‌ಪೆಲ್ಲರ್‌ಗಿಂತ ಕಡಿಮೆ, ಹಾಗಾಗಿ ಲೀಟರಿನ ದರ ಎಷ್ಟೋ ಹೆಚ್ಚಿಡದೆ ಗಿಟ್ಟುವುದಿಲ್ಲ. ಆ ದರ ಕೊಡುವವರು ಬೆಂಗಳೂರು, ದಾವಣಗೆರೆಯಲ್ಲಿ ಎಷ್ಟು ಮನೆ ಸಿಗುತ್ತಾರೆ ಎಂದು ಮೊದಲು ಎಣಿಸಲಿ. ಎರಡನೆಯದು, ಬೂಷ್ಟು ಹಿಡಿದ, ಬಣ್ಣಗೆಟ್ಟ ಬೀಜ ಗಾಣಕ್ಕೆ ಬೀಳಲೇಬಾರದು. ರಿಫೈನರಿಯಲ್ಲಿ ಅಫ್ಲಾಟಾಕ್ಸಿನ್ ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಸ್ವಲ್ಪ, ಹಿಂಡಿಯಲ್ಲಿ ಬಹುಪಾಲು ಉಳಿಯುತ್ತದೆ, ಹಸು ತಿಂದರೆ ಹಾಲಿಗೂ ಬರುತ್ತದೆ. 'ಶುದ್ಧ ಗಾಣದ ಎಣ್ಣೆ' ಎಂದು ನಂಬಿ ಮಕ್ಕಳಿಗೆ ಕೊಡುವವರಿಗೆ ಇದು ಮೋಸವಾಗಬಾರದು. ಮೂರನೆಯದು, ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35, ಗರಿಷ್ಠ 10 ಲಕ್ಷದ ತನಕ ಸಹಾಯಧನ ಇಟ್ಟಿದ್ದರು. ಯೋಜನೆಯ ಅವಧಿ ಈಗಲೂ ಇದೆಯೇ ಎಂದು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿಯೇ ಸಾಲದ ಕಾಗದಕ್ಕೆ ಸಹಿ ಹಾಕಲಿ.

ಬೆಳೆ ಬದಲಿಸುವ ವಿಚಾರ: ಮೆಕ್ಕೆಜೋಳ ನಿಮ್ಮ ಖುಷ್ಕಿಗೆ ಬೇಡ. ತೆನೆ ಕಟ್ಟುವ ಹೊತ್ತಿನಲ್ಲಿ ಎರಡು ವಾರ ಮಳೆ ತಪ್ಪಿದರೆ ಶೇಂಗಾ ತಡೆದುಕೊಳ್ಳುತ್ತದೆ, ಮೆಕ್ಕೆಜೋಳ ತಡೆದುಕೊಳ್ಳದು. ಅಡಿಕೆಗೆ 2023ರಿಂದ ಕೆ.ಜಿ.ಗೆ 351 ರೂ. ಕನಿಷ್ಠ ಆಮದು ಬೆಲೆ ಇದೆ, ಅದರ ಭರವಸೆಯಲ್ಲಿ ಚಿತ್ರದುರ್ಗದ ಒಣ ತಾಲ್ಲೂಕುಗಳಲ್ಲೂ ತೋಟ ಎದ್ದಿವೆ. ಸರ್ಕಾರದ ಒಂದು ಅಧಿಸೂಚನೆ ನಂಬಿ, ಬತ್ತಬಹುದಾದ ಬೋರ್‌ವೆಲ್ ನಂಬಿ, ಫಸಲಿಗೆ ಐದಾರು ವರ್ಷ ಕಾಯುವ ಬೆಳೆ ನೆಡುವುದು ಎರಡು ಜೂಜನ್ನು ಒಟ್ಟಿಗೆ ಆಡಿದಂತೆ. ನಾನು ಬೇಡ ಅನ್ನುತ್ತೇನೆ. ಶೇಂಗಾದ ನಡುವೆ ಅಕ್ಕಡಿ ಸಾಲಿಗೆ ತೊಗರಿ ಹಾಕುವ ಹಳೆಯ ಪದ್ಧತಿ ಬಿಟ್ಟಿದ್ದರೆ ಮತ್ತೆ ಶುರುಮಾಡಿ, ಒಂದರ ದರ ಬಿದ್ದ ವರ್ಷ ಇನ್ನೊಂದು ಕೈಹಿಡಿಯುತ್ತದೆ.

ಈರುಳ್ಳಿಗೆ ಹೋಗುವ ಯೋಚನೆ ಮನೆಯಲ್ಲಿ ಬಂದರೆ ಇನ್ನೊಂದು ವ್ಯಾಪಾರ ನೀತಿಯನ್ನೂ ತಿಳಿದಿರಿ. ಈರುಳ್ಳಿಗೆ 2023ರ ಆಗಸ್ಟ್‌ನಲ್ಲಿ ಶೇ 40 ರಫ್ತು ಸುಂಕ ಬಂತು, ಡಿಸೆಂಬರ್ 8ರಂದು ರಫ್ತೇ ನಿಂತಿತು, 2024ರ ಮೇ 4ರಂದು ಸುಂಕದೊಂದಿಗೆ ತೆರೆಯಿತು. ಆ ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. ರಫ್ತು ನಿಲ್ಲಿಸುವುದು ಎಂದರೆ ಬೆಳೆಗಾರನ ಮೇಲೆ ಹಾಕಿದ ತೆರಿಗೆಯೇ, ಹೆಸರು ಮಾತ್ರ ಬೇರೆ. ಮೇಲೆ ಮಾಡಿದ ಲೆಕ್ಕವನ್ನು ತಿರುಗಿಸಿ ಹಾಕಿದರೆ ಪೇಟೆಯವರು ಗಳಿಸುವುದಕ್ಕಿಂತ ರೈತ ಕಳೆದುಕೊಳ್ಳುವುದೇ ಹೆಚ್ಚು, ಬೊಕ್ಕಸಕ್ಕೂ ಏನೂ ಬರುವುದಿಲ್ಲ. ಆಮದು ಸುಂಕವನ್ನು 'ದೇಶಕ್ಕೆ ನಷ್ಟ' ಎನ್ನುವವರು ರಫ್ತು ನಿಷೇಧದ ಬಗ್ಗೆಯೂ ಅದೇ ದನಿಯಲ್ಲಿ ಮಾತಾಡಬೇಕು.

ಸರ್ಕಾರ ಏನು ಮಾಡಬೇಕಿತ್ತು ಎಂದು ಕೇಳಿದರೆ ನನ್ನ ಉತ್ತರ ಚಿಕ್ಕದು. ಸುಂಕದ ಮಟ್ಟಕ್ಕಿಂತ ಅದರ ಓಲಾಟ ರೈತನನ್ನು ಹೆಚ್ಚು ಕೊಲ್ಲುತ್ತದೆ. ಬಿತ್ತನೆಗೆ ಮುಂಚೆ ಸುಂಕ ಸಾರಿ, ಸುಗ್ಗಿ ಮುಗಿಯುವ ತನಕ ಮುಟ್ಟಬಾರದು. ಎಣ್ಣೆಯ ಸುಂಕದಿಂದ ಬಂದ ಹಣದಲ್ಲಿ ಒಂದು ಭಾಗವನ್ನು ಬೆಂಬಲ ಬೆಲೆಗೂ ಮಂಡಿ ದರಕ್ಕೂ ಇರುವ ಅಂತರ ತುಂಬಲು ನೇರ ರೈತರ ಖಾತೆಗೆ ಹಾಕಿದರೆ, ಕೂಲಿಯವರ ಮನೆಯ ಎಣ್ಣೆಯನ್ನು ಇನ್ನಷ್ಟು ತುಟ್ಟಿ ಮಾಡದೆಯೂ ನಿಮ್ಮನ್ನು ಉಳಿಸಬಹುದು. ಅಂತರ ಪಾವತಿಯ ಯೋಜನೆ ಕಾಗದದ ಮೇಲೆ ಆಗಲೇ ಇದೆ.

ಅದು ಆಗುವ ತನಕ, ನಿಮ್ಮ 2,063 ರೂಪಾಯಿಯಲ್ಲಿ ಅತಿ ದೊಡ್ಡ ಪಾಲು ಮರಳಿ ತರಬಲ್ಲದ್ದು ಬೆಂಬಲ ಬೆಲೆಯ ಖರೀದಿ ಕೇಂದ್ರವೇ. ಅದು ತಡವಾಗಿ ತೆರೆಯುತ್ತದೆ, ಬೇಗ ಮುಚ್ಚುತ್ತದೆ, ನೋಂದಣಿ ಇಲ್ಲದವರ ಚೀಲ ಇಳಿಸಿಕೊಳ್ಳುವುದಿಲ್ಲ. ನೋಂದಣಿಗೆ ಅಪ್ಪನ ಹೆಸರಿನಲ್ಲಿ ಫ್ರೂಟ್ಸ್ ಎಂಬ ರೈತರ ನೋಂದಣಿ ತಂತ್ರಾಂಶದ ಗುರುತಿನ ಸಂಖ್ಯೆ (ಎಫ್‌ಐಡಿ) ಬೇಕು. ಅದರಲ್ಲಿ ಐದೂ ಎಕರೆಯ ಸರ್ವೆ ನಂಬರ್ ಸೇರಿರಬೇಕು. ಮುಂಗಾರಿನ ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ 'ಶೇಂಗಾ' ಎಂದೇ ದಾಖಲಾಗಿರಬೇಕು. ಅಕ್ಕಡಿ ತೊಗರಿ ಹಾಕಿದ್ದರೆ ಮಿಶ್ರ ಬೆಳೆ ಎಂದು ಎರಡನ್ನೂ ಬರೆಸಿ, ಇಲ್ಲದಿದ್ದರೆ ಪೂರ್ತಿ ಎಕರೆ ತೊಗರಿಗೆ ಹೋಗಿ ಶೇಂಗಾದ ಕೋಟಾ ಕುಗ್ಗುತ್ತದೆ. ಸಮೀಕ್ಷೆಯ ಆ್ಯಪ್‌ನಲ್ಲಿ ನೀವೇ ಫೋಟೊ ಹಾಕಬಹುದು. ತಪ್ಪು ಕಂಡರೆ ಆಕ್ಷೇಪಣೆಯ ದಿನಗಳು ಮುಗಿಯುವುದರೊಳಗೆ ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಹೋಗಿ ತಿದ್ದಿಸಿ, ಸುಗ್ಗಿಯಲ್ಲಿ ಹೋದರೆ ಆಗುವುದಿಲ್ಲ. ಅಪ್ಪನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ಅದೇ ದಿನ ನೋಡಿಕೊಂಡು ಬನ್ನಿ.